ವಿಲಾಯತಿ ಮೋಟರಿನ ದನಿ

ಮಗಳ ಮದುವೆಗೆ ಹಾಕಿದ ಹಂದರ ಇನ್ನೂ ಬಿಚ್ಚಿರಲಿಲ್ಲ. ಹಿಂದಿನ ಸಂಜೆಯಷ್ಟೇ ಉಮಾಶ್ರೀ ಕಣ್ಣೀರು ಹಾಕುತ್ತ ಗಂಡನ ಮನೆಗೆ ಹೋಗಿದ್ದಳು. ಯರಗಟ್ಟಿಯ ಆ ಮನೆಯಲ್ಲಿ ಮರುದಿನ ಮುಂಜಾನೆ ಪರಸಪ್ಪ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮದುವೆಗೆ ಹೊಲಿಸಿದ ಬಿಳಿ ಅಂಗಿಯನ್ನೇ ಮತ್ತೆ ತೊಟ್ಟು, ಬೈಲಹೊಂಗಲದ ದುಂಡಪ್ಪನ ಬಲಗೈ ಮುರಿಯಲು ಹೊರಟ.

ಹೆಂಡತಿ ಸಾವಿತ್ರೆವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. ಹತ್ತು ವರ್ಷದ ಹಿಂದೆ ಅವನನ್ನು ತಡೆದವಳೂ ಅವಳೇ. ಅಂದು ಸವದತ್ತಿಯ ಗುಡ್ಡದಿಂದ ತಂದ ಎಲ್ಲವ್ವನ ಭಂಡಾರದ ಅರಿಶಿನವನ್ನು ಅವನ ಮುಂದೆ ಹಿಡಿದು, "ಉಮಾಶ್ರೀ ತಲಿ ಮ್ಯಾಲ ಮದವಿ ಅಕ್ಕಿಕಾಳು ಬೀಳೂಮಟಾ ಅವನ ಮ್ಯಾಲ ಕೈ ಎತ್ತಂಗಿಲ್ಲಂತ ಇದನ್ನ ಮುಟ್ರಿ" ಎಂದಿದ್ದಳು. ಪರಸಪ್ಪ ಮುಟ್ಟಿದ್ದ. ಹೆಣ್ಣಿನ ತಂದೆ ಜೈಲಿಗೆ ಹೋದರೆ ಹೆಣ್ಣಿಗೆ ಗಂಡು ಸಿಗದೆಂದು ಅವಳ ಲೆಕ್ಕ, ಅಷ್ಟರಲ್ಲಿ ಗಂಡನ ಸಿಟ್ಟೂ ಆರೀತೆಂದು ಅವಳ ಆಸೆ. ಲೆಕ್ಕ ಸರಿಯಾಯಿತು. ಆಸೆ ಮಾತ್ರ ಹುಸಿಯಾಯಿತು.

"ಅಕ್ಕಿಕಾಳ ಬಿದ್ದೂವು" ಎಂದ ಪರಸಪ್ಪ. "ದಾರಿ ಬಿಡು."

"ಮಂದಿ ಏನಂದಾರು? ಹಂದರ ಐತಿ ಇನ್ನ ಬಾಗಲಾಗ."

"ಅಂದ್ರ ಅಂತಾರ. ಹತ್ತ ವರ್ಷದಿಂದ ಅನ್ನಾಕ್ಹತ್ಯಾರಲ್ಲ, ಕಳ್ಳ ಅಂತ."

ಕೊಟ್ಟ ಮಾತನ್ನು ಅಕ್ಷರಶಃ ನಡೆಸಿದ ಗಂಡನೊಡನೆ ಜಗಳಾಡುವುದು ಹೇಗೆ? ಪಕ್ಕಕ್ಕೆ ಸರಿದಳು.

ಪರಸಪ್ಪನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಅಡ್ಡಾದಿಡ್ಡಿ ಕೂಡಿಕೊಂಡು ಸೆಟೆದು ನಿಂತಿದ್ದವು. ಊಟಕ್ಕೆ ಕುಳಿತರೆ ತುತ್ತು ಜಾರುತ್ತಿತ್ತು, ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕಾಗುತ್ತಿತ್ತು. ಒಂದು ಕಾಲಕ್ಕೆ ಆ ಬೆರಳು ಕೂದಲಿನಂಥ ತಾಮ್ರದ ತಂತಿಯನ್ನು ಕಣ್ಣುಮುಚ್ಚಿ ಸುತ್ತುತ್ತಿದ್ದವು ಎಂದರೆ ಈಗ ನಂಬುವವರು ಯಾರು?

ಆಗ ಅವನೂ ದುಂಡಪ್ಪನೂ ಬೈಲಹೊಂಗಲದ ಪೇಟೆಯ ಹತ್ತಿರ ಮೋಟರು ಕಟ್ಟುವ ಅಂಗಡಿ ಇಟ್ಟಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಬಾವಿಯ ಮೋಟರು ಸುಟ್ಟರೆ ಚಕ್ಕಡಿಯಲ್ಲಿ ಹೇರಿಕೊಂಡು ಇವರಲ್ಲಿಗೇ ಬರಬೇಕು. ಬಿಚ್ಚುವವ ದುಂಡಪ್ಪ, ತಂತಿ ಸುತ್ತುವವ ಪರಸಪ್ಪ. ಎರಡು ಹೊಟ್ಟೆಗೆ ಒಂದೇ ಡಬ್ಬಿಯ ರೊಟ್ಟಿ. ದುಂಡಪ್ಪ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ, ನಟ್ಟು ಬಿಚ್ಚದಿದ್ದರೆ ಅದಕ್ಕೂ ಬೈಯುತ್ತಿದ್ದ. ಪರಸಪ್ಪ ನಗುತ್ತಿದ್ದ. ಹಾಗಾಗಿ ಅಂಗಡಿ ನಡೆಯುತ್ತಿತ್ತು.

ಬೆಳಗಾವಿಯ ಗುಜರಿಯಲ್ಲಿ ಆ ಮೋಟರು ಅವರ ಕಣ್ಣಿಗೆ ಬಿತ್ತು. ಯಾವುದೋ ದಂಡಿನ ಸಾಮಾನಿನೊಳಗಿಂದ ಬಂದದ್ದು. ಮುಷ್ಟಿಯಷ್ಟು ಗಾತ್ರ, ಹಿತ್ತಾಳೆಯ ಮೈ, ಕೈಗೆತ್ತಿಕೊಂಡರೆ ಹಿಡಿದವನ ಮಣಿಕಟ್ಟು ಬಾಗುವಷ್ಟು ಭಾರ. ಮೇಲಿನ ಅಕ್ಷರವೆಲ್ಲ ಸವೆದು ಲಂಡನ್ ಎಂಬುದೊಂದೇ ಉಳಿದಿತ್ತು. ಅಂಗಡಿಯ ಕೀಲಿಗೊಂಚಲು ಒಯ್ದರೆ ಮೈಗೆ ಟಪ್ಪೆಂದು ಕಚ್ಚಿಕೊಳ್ಳುತ್ತಿತ್ತು, ಒಳಗಿನ ಅಯಸ್ಕಾಂತ ಅಂಥದು. ನಾಲ್ಕು ಟಾರ್ಚಿನ ಸೆಲ್ಲು ಜೋಡಿಸಿದಾಗ ಅದು ಕೊಟ್ಟ ದನಿಯನ್ನು ಪರಸಪ್ಪ ಸಾಯುವತನಕ ಮರೆಯಲಾರ. ಟೇಪ್ ರೆಕಾರ್ಡರಿನ ಅಗ್ಗದ ಮೋಟರುಗಳಂತೆ ಸೊಳ್ಳೆಯ ಕಿರಿಕಿರಿ ಅಲ್ಲ. ನಸುಕಿನಲ್ಲಿ ಅವ್ವ ಜೋಳ ಬೀಸುವಾಗ ಮಗ್ಗುಲ ಕೋಣೆಗೆ ಕೇಳುವ ಬೀಸುಕಲ್ಲಿನ ದನಿ ಅದು.

ಇಬ್ಬರೂ ಹಾಲವಾಣದ ಕಟ್ಟಿಗೆ ಕೊರೆದು ಮೊಳದುದ್ದದ ದೋಣಿ ಮಾಡಿ, ಹೊಟ್ಟೆಯಲ್ಲಿ ಆ ಮೋಟರು ಕೂಡಿಸಿದರು. ಯಾಕೆಂದರೆ ಆ ಕಾಲಕ್ಕೆ ಆ ಸೀಮೆಯಲ್ಲೊಂದು ಹುಚ್ಚಿತ್ತು. ದೀಪಾವಳಿ ಮುಗಿದ ಮೇಲಿನ ಭಾನುವಾರ, ನವಿಲುತೀರ್ಥದ ಅಣೆ ತುಂಬಿರುವಾಗ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮೋಟರಿನವರು, ರೇಡಿಯೋದವರು ಹಿನ್ನೀರಿನ ದಂಡೆಗೆ ಕೂಡುತ್ತಿದ್ದರು. ನೀರಿನಲ್ಲಿ ಎರಡು ಬಿದಿರಿನ ಗಳ ನೆಟ್ಟು, ನಡುವೆ ದಾರ ಬಿಗಿದು, ದೋಣಿಗೆ ಕಟ್ಟಿದ ಬಳೆಯನ್ನು ಅದಕ್ಕೆ ಪೋಣಿಸಿ ಬಿಡುವುದು. ಎಲ್ಲರಿಗೂ ನಾಲ್ಕೇ ಸೆಲ್ಲು. ಬೇಗ ಆ ತುದಿ ಮುಟ್ಟಿಸಿ ಗೆದ್ದವನ ತಲೆಗೊಂದು ರುಮಾಲು, ವರ್ಷಪೂರ್ತಿ ಉಬ್ಬಿಕೊಂಡು ತಿರುಗುವ ಹಕ್ಕು. ದೊಡ್ಡ ಗಂಡಸರು ಧೋತರ ಎತ್ತಿ ಕಟ್ಟಿ ಸೊಂಟದ ನೀರಿನಲ್ಲಿ ನಿಂತು ಆಟಿಕೆಯ ದೋಣಿಗೆ ಕೂಗಾಡುವುದನ್ನು ನೋಡಿ ಹೆಂಗಸರು ನಗುತ್ತಿದ್ದರು. ನಗಲಿ. ವಿಲಾಯತಿ ಮೋಟರಿನ ದೋಣಿ ಬೀಸುಕಲ್ಲಿನ ದನಿ ಮಾಡುತ್ತ ನೀರು ಸೀಳಿಕೊಂಡು ಹೊರಟಾಗ ನಗುವವರೂ ಸುಮ್ಮನಾಗುತ್ತಿದ್ದರು. ಮೂರು ದೀಪಾವಳಿ ರುಮಾಲು ಬೈಲಹೊಂಗಲಕ್ಕೇ ಬಂತು.

ನಾಲ್ಕನೆಯ ಸಲ ದುಂಡಪ್ಪನಿಗೆ ಮೋಟರಿನ ಮೇಲೆ ಪ್ರೀತಿ ಉಕ್ಕಿತು. ಪಂದ್ಯಕ್ಕೆ ಮೊದಲು ತಾನೇ ಬಿಚ್ಚಿ, ಒಳಗಿನ ತಿರುಗುವ ಗಾಲಿ, ಅದೇ ತಂತಿ ಸುತ್ತಿದ ಆರ್ಮೇಚರ್, ಹೊರತೆಗೆದು ವಾರ್ನಿಶ್ ಹಚ್ಚಿ ಗೂಟಕ್ಕೆ ಒಣಗಹಾಕಿದ. ಬಾವಿಯ ಮೋಟರಿನವರ ರೂಢಿಯೇ ಅದು, ಮೊದಲು ಒಳಗಿನದನ್ನು ಎಳೆದು ಹೊರಗಿಡುವುದು. ವಾರ್ನಿಶ್ ಒಣಗಿದ ಮೇಲೆ ಜೋಡಿಸಿ, ಬೆಣ್ಣೆ ತೀಡಿದಂತೆ ಒರೆಸಿ, ದೋಣಿಗೆ ಕೂಡಿಸಲು ಪರಸಪ್ಪನ ಮನೆಗೆ ಕಳಿಸಿದ. ಹೊಸ ಸೆಲ್ಲು ಪಂದ್ಯಕ್ಕೇ ಇರಲೆಂದು ಯಾರೂ ಓಡಿಸಿ ನೋಡಲಿಲ್ಲ. ಪರಸಪ್ಪನ ಮನೆಯಲ್ಲಿ ಆಗ ಸಾವಿತ್ರೆವ್ವನ ತಮ್ಮ ರಾಮಲಿಂಗಪ್ಪ ಇದ್ದ, ದೀಪಾವಳಿಯಲ್ಲಿ ಅಕ್ಕ ತಮ್ಮನಿಗೆ ಉಣಬಡಿಸುವ ಅಕ್ಕನ ತದಿಗೆಗೆಂದು ಬಂದವನು. ಈ ರಾಮಲಿಂಗಪ್ಪ ರಾಮದುರ್ಗದಲ್ಲಿ ರೇಡಿಯೋ ರಿಪೇರಿ ಮಾಡುವವನು. ಭಾನುವಾರ ಎದುರಿನ ದೋಣಿ ಬಿಡುವವನೂ ಅವನೇ.

ಭಾನುವಾರ ಬೈಲಹೊಂಗಲದ ದೋಣಿ ನೀರಿಗೆ ಬಿತ್ತು, ಗುಂಯ್ ಎನ್ನಲಿಲ್ಲ. ಮುಲುಕುತ್ತ, ಮುಪ್ಪಿನ ಎಮ್ಮೆಯಂತೆ ಹೊರಟು ದಾರದ ಅರ್ಧಕ್ಕೂ ಹೋಗಲಿಲ್ಲ. ರಾಮಲಿಂಗಪ್ಪನ ತಲೆಗೆ ರುಮಾಲು ಕಟ್ಟಿದರು. ದಂಡೆಯ ಮೇಲೆ ಯಾರೋ ಸಿಳ್ಳೆ ಹಾಕಿದರು. ದುಂಡಪ್ಪ ದೋಣಿಯ ಹೊಟ್ಟೆಯಿಂದ ಮೋಟರು ಕಿತ್ತುಕೊಂಡು ಬಸ್ಸು ಹತ್ತಿದ.

ಮರುದಿನ ಪರಸಪ್ಪ ಅಂಗಡಿಗೆ ಹೋದಾಗ ಮೋಟರು ಬಿಚ್ಚಿ ಬಿದ್ದಿತ್ತು. ದುಂಡಪ್ಪ ಒಂದು ಮೊಳೆ ಎತ್ತಿ ಅಯಸ್ಕಾಂತಕ್ಕೆ ಹಿಡಿದ. ಮೊಳೆ ಕೆಳಗೆ ಬಿತ್ತು.

"ಕೀಲಿಗೊಂಚಲ ಹಿಡೀತಿತ್ತಿದು" ಎಂದ. "ಇವತ್ತ ಒಂದ ಮೊಳಿ ಹಿಡೀವಲ್ದು. ಒಳಗಿನ ಮ್ಯಾಗ್ನೆಟ್ ಎಲ್ಲಿ ಐತೋ ಪರಸ್ಯಾ?"

"ಎಲ್ಲೈತಿ ಅಂದ್ರ? ನಿನ್ನ ಕೈಯಾಗ ಐತಲ್ಲ."

"ಇದು ಅದಲ್ಲ. ನಾ ಕೈಯಾರೆ ಒರಿಸಿ ಕೊಟ್ಟೇನಿ. ನಿನ್ನ ಮನ್ಯಾಗ ನಿನ್ನ ಮೈದುನ ಉಂಡ ಮಲಗಿದ್ದ. ಹೆಂಡರ ತವರಿಗೆ ಮಾರಿದೇನು?"

ಪರಸಪ್ಪ ರೂಢಿಯಂತೆ ನಕ್ಕ. ಬದುಕಿನಲ್ಲಿ ಅವನು ಮಾಡಿದ ದೊಡ್ಡ ತಪ್ಪೆಂದರೆ ಆ ನಗೆ. ದುಂಡಪ್ಪ ಕೈಗೆ ಸಿಕ್ಕ ನಟ್ಟು ಬಿಚ್ಚುವ ಪಾನಾ ಬೀಸಿದ. ಮೊದಲ ಹೊಡೆತ ಕಿವಿಯ ಮೇಲೆ ಬಿತ್ತು. ಪರಸಪ್ಪ ತಂತಿಯ ಸುರುಳಿಗಳ ಮೇಲೆ ಕುಸಿದು ಏಳುವಷ್ಟರಲ್ಲಿ ಎರಡನೆಯದು ಹೆಗಲಿಗೆ. ಕೊರಳಪಟ್ಟಿ ಹಿಡಿದು ದರದರ ಎಳೆದೊಯ್ದು, ಅವನ ಬಲಗೈಯನ್ನು ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಎರಡು ದವಡೆಯ ನಡುವೆ ತುರುಕಿ ಹಿಡಿ ತಿರುಗಿಸಿದ. "ಹೇಳು, ಎಲ್ಲೈತಿ" ಎನ್ನುತ್ತಲೇ ತಿರುಗಿಸಿದ. ಪರಸಪ್ಪನಿಗೆ ಗೊತ್ತಿದ್ದರೆ ತಾನೇ ಹೇಳುವುದು? ಹಸಿ ಕಬ್ಬು ಮುರಿದಂಥ ಸಪ್ಪಳ ಬಂತು. ತುಸು ಬಿಟ್ಟು ಇನ್ನೊಂದು ಸಪ್ಪಳ. ಪಕ್ಕದ ಅಂಗಡಿಯವರು ಓಡಿಬಂದು ಬಿಡಿಸುವಾಗ ವೈಸಿನಿಂದ ನೆಲಕ್ಕೆ ರಕ್ತ ಹನಿಯುತ್ತಿತ್ತು. ದುಂಡಪ್ಪ ಆಗಲೂ ಮೋಟರಿನ ಕಡೆಗೇ ನೋಡುತ್ತಿದ್ದ.

ರಾಮಲಿಂಗಪ್ಪ ಸುಮ್ಮನಿರುವ ಕುಳವಲ್ಲ. ಮಂದಿ ಕಟ್ಟಿಕೊಂಡು ಬಂದು ಅಂಗಡಿ ಪುಡಿಗಟ್ಟಿದ, ದುಂಡಪ್ಪನ ಎಡದವಡೆಯ ಹಲ್ಲು ಉದುರಿಸಿದ. ಹಿರಿಯರು ಕೂಡಿ ಇಬ್ಬರನ್ನೂ ಬೈದು ರಾಜಿ ಮಾಡಿಸಿದರು. ಆದರೆ ಬೆರಳಿಗೆ ರಾಜಿ ಇದೆಯೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಪರಸಪ್ಪ ಹೆಂಡತಿ ಮಗಳೊಡನೆ ಯರಗಟ್ಟಿಗೆ ಬಂದು ಒಂದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಬಲ್ಬು ಎಣಿಸಿ, ಫ್ಯೂಜಿನ ತಂತಿ ತೂಗಿ ಕೊಡುವ ಕೆಲಸಕ್ಕೆ ಕುಳಿತ. ಒಮ್ಮೆ ಗಿರಾಕಿಯೊಬ್ಬ ಅವನ ಕೈ ನೋಡಿ, "ಬೈಲಹೊಂಗಲದಾಗ ಮ್ಯಾಗ್ನೆಟ್ ಕದ್ದಂವ ನೀನ ಏನು?" ಎಂದು ತಮಾಷೆ ಮಾಡಿದ. ಪರಸಪ್ಪ ತಕ್ಕಡಿಯ ಕಲ್ಲೆತ್ತಿ ಅವನ ಹಣೆಗೆ ಹೊಡೆದ. ಹೊಲಿಗೆ ಹಾಕಿಸಬೇಕಾಯಿತು. ಅಂದಿನಿಂದ ಅವನು ನಗುವುದನ್ನು ಬಿಟ್ಟ. ಒಂದು ಸುತ್ತಿಗೆಯನ್ನು ಮಾತ್ರ ಹಾಸಿಗೆಯ ತಲೆದೆಸೆಗೆ ಇಟ್ಟುಕೊಂಡು ಮಗಳು ದೊಡ್ಡವಳಾಗುವುದನ್ನೇ ಕಾಯ್ದ.

ಸೋಜಿಗವೆಂದರೆ, ದಿನವೂ ಕನಸಿನಲ್ಲಿ ಬರುತ್ತಿದ್ದುದು ದುಂಡಪ್ಪನ ಮುಖವಲ್ಲ, ಮೋಟರಿನ ದನಿ. ಅದು ಎಲ್ಲಿಗೆ ಹೋಯಿತು ಎಂಬ ಸಂಕಟ ಬೆರಳಿನ ನೋವಿಗಿಂತ ಒಂದು ಕೈ ಮೇಲೇ ಇತ್ತು. ಅದನ್ನವನು ಹೆಂಡತಿಗೂ ಹೇಳಿರಲಿಲ್ಲ.

ಸುತ್ತಿಗೆಯ ಕಟ್ಟಿಗೆ ಹಿಡಿ ಸಡಿಲಾಗಿತ್ತೆಂದು ಮದುವೆಗೆ ಮುಂಚೆ ಬೆಳಗಾವಿ ರಸ್ತೆಯ ಗ್ಯಾರೇಜಿನ ಮಾಳಪ್ಪನಿಗೆ ಕೊಟ್ಟಿದ್ದ. ಈಗ ಅಲ್ಲಿಗೆ ಹೋದಾಗ ಮುದುಕ ಮಾಳಪ್ಪ ಯಾವುದೋ ಹಳೆಯ ಮೋಟರ್ ಸೈಕಲ್ಲಿನ ಮ್ಯಾಗ್ನೆಟೋ ಬಿಚ್ಚುತ್ತಿದ್ದ, ಕಿಡಿ ಹುಟ್ಟಿಸುವ ಭಾಗ ಅದು.

"ಛಲೋ ಬಂದಿ, ಆ ಕಬ್ಬಣದ ಪಟ್ಟಿ ಕೊಡು ಲಗೂ" ಎಂದ. ಒಳಗಿನ ಗಾಲಿ ಎಳೆಯುತ್ತಿದ್ದಂತೆಯೇ ಅಯಸ್ಕಾಂತದ ಎರಡು ತುದಿಗೂ ಮುಟ್ಟುವಂತೆ ಪಟ್ಟಿ ಅಡ್ಡ ಇಟ್ಟ.

"ಅದ್ಯಾಕ ಕಾಕಾ?"

"ಹಳೇ ಮ್ಯಾಗ್ನೆಟ್ಟೋ ತಮ್ಮಾ. ನಡುವಿನ ಕಬ್ಬಣ ತಗದ ಬರೇ ಬಾಯಿ ಬಿಟ್ರ ಜೀವಾ ಸೋರಿ ಹೋಗತೈತಿ. ತಿರಗಿ ಜೋಡಿಸಿದ್ರೂ ಹೋದದ್ದು ಬರಂಗಿಲ್ಲ. ಈಗಿನ ಕರೇ ಮ್ಯಾಗ್ನೆಟ್ಟಿಗೆ ಈ ಕಾಟ ಇಲ್ಲ."

ಪರಸಪ್ಪನ ಕಿವಿಯಲ್ಲಿ ಗುಂಯ್ ಎಂದಿತು. ಗೂಟಕ್ಕೆ ಒಣಗಹಾಕಿದ್ದ ಆರ್ಮೇಚರ್ ಕಣ್ಣ ಮುಂದೆ ಬಂತು. ಬಾವಿಯ ಮೋಟರಿನಲ್ಲಿ ಅಯಸ್ಕಾಂತವೇ ಇರುವುದಿಲ್ಲ. ಒಳಗಿನದನ್ನು ಎಳೆದಿಟ್ಟರೆ ಅದಕ್ಕೇನೂ ಆಗುವುದಿಲ್ಲ. ದುಂಡಪ್ಪನ ಆ ರೂಢಿಯ ಕೈ ವಿಲಾಯತಿ ಮೋಟರಿನೊಳಗೂ ಹೋಯಿತು. ಯಾರೂ ಕದ್ದಿರಲಿಲ್ಲ, ಯಾರೂ ಬದಲಿಸಿರಲಿಲ್ಲ. ಮೋಟರನ್ನು ಕೊಂದವನೇ ಅದರ ಹೆಸರಿನಲ್ಲಿ ಇವನ ಬೆರಳು ಮುರಿದಿದ್ದ.

"ಹೋದ ಜೀವಾ ತುಂಬಾಕ ಬರತೈತೇನು?"

"ಯಾಕ ಬರಂಗಿಲ್ಲ? ಜೋಡಿಸಿಟ್ಟು, ಈ ದಪ್ಪ ಕಾಯಿಲ್ ತೊಡಿಸಿ, ಲಾರಿ ಬ್ಯಾಟರಿ ಚಟ್ ಚಟ್ ಅಂತ ಮುಟ್ಟಿಸಿದ್ರ ಮುಗೀತು."

ಪರಸಪ್ಪ ಸುತ್ತಿಗೆಯ ಜೊತೆಗೆ ಕಾಯಿಲನ್ನೂ ಕೇಳಿ ಚೀಲಕ್ಕೆ ಹಾಕಿಕೊಂಡ. ಬೈಲಹೊಂಗಲದ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದ. ಬರೀ ಕೈ ಮುರಿದರೆ ಸಾಲದು, ದುಂಡಪ್ಪ ತಾನೇ ಸರಿ ಎಂದುಕೊಂಡೇ ಸತ್ತಾನು. ಮೊದಲು ಅವನ ಕಿವಿಗೆ ಆ ದನಿ ಬೀಳಬೇಕು, ಆಮೇಲೆ ಸುತ್ತಿಗೆ.

ದುಂಡಪ್ಪ ಅದೇ ಅಂಗಡಿಯಲ್ಲಿ, ಅದೇ ವೈಸಿನ ಪಕ್ಕ ಒಬ್ಬನೇ ಕುಳಿತಿದ್ದ. ಎಡಗೆನ್ನೆ ಒಳಕ್ಕೆ ಬಿದ್ದಿತ್ತು. ಪರಸಪ್ಪನನ್ನು ನೋಡಿ ಎದ್ದೇಳಲಿಲ್ಲ.

"ಮಗಳ ಮದವಿ ಆತಂತ ಕೇಳಿದ್ನಿ. ಇನ್ನ ಬರತಿ ಅಂತ ಗೊತ್ತಿತ್ತು."

"ಮೋಟರ್ ಎಲ್ಲೈತಿ?"

ದುಂಡಪ್ಪ ಬಸವಣ್ಣನ ಫೋಟೋದ ಕೆಳಗಿನ ಹಲಗೆ ತೋರಿಸಿದ. "ಅಲ್ಲೈತಿ. ನೀ ಮಾಡಿದ ಮೋಸ ದಿನಾ ನೋಡಕೋತ ಕುಂತೇನಿ."

ಪರಸಪ್ಪ ಮೋಟರು ಇಳಿಸಿ ಕಾಯಿಲ್ ತೊಡಿಸಿದ. ಮೂಲೆಯಲ್ಲಿದ್ದ ಇನ್ವರ್ಟರಿನ ದೊಡ್ಡ ಬ್ಯಾಟರಿಗೆ ತಂತಿಯ ತುದಿ ಮುಟ್ಟಿಸಿದ. ಚಟಾರೆಂದು ನೀಲಿ ಕಿಡಿ ಹಾರಿತು. ಮತ್ತೊಮ್ಮೆ, ಮಗದೊಮ್ಮೆ. ಕಾಯಿಲ್ ತೆಗೆದು ಒಂದು ಮೊಳೆ ಹಿಡಿದ. ಮೊಳೆ ಅವನ ಕೈಬಿಟ್ಟು ಹಾರಿ ಮೋಟರಿಗೆ ಕಚ್ಚಿಕೊಂಡಿತು. ದುಂಡಪ್ಪ ಕುರ್ಚಿಯಿಂದ ಅರ್ಧ ಎದ್ದ.

ಪರಸಪ್ಪ ಸೆಲ್ಲು ಜೋಡಿಸಿದ.

ಬೀಸುಕಲ್ಲಿನ ದನಿ ಅಂಗಡಿಯನ್ನು ತುಂಬಿತು. ಅಷ್ಟು ಹೊತ್ತಿನ ಮಟ್ಟಿಗೆ ಇಬ್ಬರಿಗೂ ಬೇರೇನೂ ನೆನಪಿರಲಿಲ್ಲ. ಸೊಂಟದ ನೀರು, ತಣ್ಣನೆಯ ಕೆಸರು, ದಾರದ ಆ ತುದಿಯಲ್ಲಿ ಕೈ ಚಾಚಿ ನಿಂತ ಹರೆಯದ ದುಂಡ್ಯಾ, ಈ ತುದಿಯಲ್ಲಿ ಬಿಡುವ ಪರಸ್ಯಾ. ದುಂಡಪ್ಪ ಮುಚ್ಚುಮರೆಯಿಲ್ಲದೆ ಅಳುತ್ತಿದ್ದ.

"ಅದಽ ಮ್ಯಾಗ್ನೆಟ್ ಇದು. ಯಾರೂ ಕದ್ದಿಲ್ಲ" ಎಂದ ಪರಸಪ್ಪ. "ಅವತ್ತ ಆರ್ಮೇಚರ್ ತಗದು ಗೂಟಕ್ಕ ಹಾಕಿದಿ. ಹಳೇ ಮ್ಯಾಗ್ನೆಟ್ ಬರೇ ಬಾಯಿ ಬಿಟ್ಟು ಕುಂತಿತ್ತು, ಜೀವಾ ಹೋತು. ಕೊಂದಂವ ನೀನು, ದುಂಡ್ಯಾ. ಬೆರಳ ಹೋಗಿದ್ದು ನಂದು."

ದುಂಡಪ್ಪ ಎದ್ದು ವೈಸಿನ ಬಳಿ ಹೋಗಿ, ತನ್ನ ಬಲಗೈ ದವಡೆಯ ನಡುವೆ ಇಟ್ಟು, ಎಡಗೈಯಿಂದ ಹಿಡಿ ತಿರುಗಿಸಿ ಬಿಗಿದುಕೊಂಡ.

"ಚೀಲದಾಗ ಏನೈತಿ ಅಂತ ಗೊತ್ತೈತಿ ನನಗ. ಹೊಡಿ. ಒದರಂಗಿಲ್ಲ."

ಪರಸಪ್ಪ ಸುತ್ತಿಗೆ ತೆಗೆದು ಎಡಗೈಯಲ್ಲಿ ಎತ್ತಿದ. ಹತ್ತು ವರ್ಷ ಇದೇ ಗಳಿಗೆಗೆ ಬದುಕಿದ್ದ. ದುಂಡಪ್ಪ ಕಣ್ಣು ಮುಚ್ಚಲಿಲ್ಲ. ಅವನ ಕಣ್ಣು ಸುತ್ತಿಗೆಯ ಮೇಲಿರಲಿಲ್ಲ, ಮುರಿಯಲಿರುವ ತನ್ನ ಕೈ ಮೇಲೂ ಇರಲಿಲ್ಲ. ಗುಂಯ್‌ಗುಡುವ ಮೋಟರಿನ ಮೇಲಿತ್ತು.

"ಹೊಡದ ಬಿಡು. ಸರೀಕ ಸರಿ ಆಗಲಿ" ಎಂದ. "ಬರೂ ದೀಪಾವಳಿಗೆ ಇಬ್ರೂ ಕೂಡಿ ನೀರಿಗೆ ಬಿಡೂಣು."

ಆ ಮಾತು ಪರಸಪ್ಪನ ಎದೆಗೆ ನಾಟಿತು. ಇವನಿಗೆ ಕೈ ಹೋದರೂ ಚಿಂತೆಯಿಲ್ಲ. ಮುರಿದ ಕೈ ಮಡಿಲಲ್ಲಿಟ್ಟುಕೊಂಡು ಆ ದನಿ ಕೇಳುತ್ತ ಸುಖವಾಗಿ ಕುಳಿತಾನು. ನೋವು ಎಲ್ಲಿದೆಯೋ ಅಲ್ಲಿಗೆ ಹೊಡೆಯದಿದ್ದರೆ ಹೊಡೆದದ್ದಕ್ಕೇನು ಅರ್ಥ?

ಪರಸಪ್ಪ ಸುತ್ತಿಗೆ ಕೆಳಗಿಟ್ಟ. ವೈಸಿನ ಹಿಡಿಗೆ ಮೈಭಾರ ಹಾಕಿ ಇನ್ನೊಂದಿಷ್ಟು ಬಿಗಿದು, ದುಂಡಪ್ಪನ ಎಡಗೈಗೆ ನಿಲುಕದಂತೆ ಹಿಡಿಯನ್ನು ಆಚೆ ಬದಿಗೆ ತಳ್ಳಿದ. ದುಂಡಪ್ಪ ನರಳಿದ. ಪರಸಪ್ಪ ಸೆಲ್ಲು ಕಿತ್ತ. ದನಿ ನಿಂತಿತು. ಸೆಟೆದ ಬೆರಳುಗಳ ನಡುವೆ ಸ್ಕ್ರೂ ಡ್ರೈವರ್ ಸಿಗಿಸಿಕೊಂಡು ಮೋಟರಿನ ಮುಚ್ಚಳ ತಿರುವತೊಡಗಿದ.

"ಏ, ಏನ ಮಾಡ್ತಿ?" ಎಂದ ದುಂಡಪ್ಪ. ಅವನಿಗೀಗ ಗೊತ್ತಿತ್ತು. "ತಗೀಬ್ಯಾಡೋ ಪರಸ್ಯಾ. ಪಟ್ಟಿ ಅಡ್ಡ ಇಡು. ನನ್ನ ಕೈ ಐತಿ, ಕೈ ಮುರಿ. ಅದನ್ನ ಮುಟ್ಟಬ್ಯಾಡ."

ಪರಸಪ್ಪ ಆರ್ಮೇಚರ್ ಎಳೆದು ಹೊರಗಿಟ್ಟ. ಸುತ್ತಿಗೆ ಎತ್ತಿ ಅದರ ತಾಮ್ರದ ತಲೆಯ ಮೇಲೆ ಒಂದು ಹೊಡೆತ. ತಾಮ್ರದ ಹಲ್ಲು ಸಿಡಿದು ಅಂಗಡಿಯ ತುಂಬ ಹಾರಿದವು. ದುಂಡಪ್ಪ ಹುಚ್ಚನಂತೆ ಕೈ ಜಗ್ಗಿದ. ಮುಂಗೈಯ ಚರ್ಮ ಸುಲಿದು ವೈಸಿನ ಮೇಲೆ ರಕ್ತ ಹರಿಯಿತು. ಒದರುವುದಿಲ್ಲ ಎಂದವನು ಪೇಟೆಗೆಲ್ಲ ಕೇಳುವಂತೆ ಒದರಿದ. ಓಡಿಬಂದವರು ಪರಸಪ್ಪನ ಕೈಯ ಸುತ್ತಿಗೆ ನೋಡಿ ಬಾಗಿಲಲ್ಲೇ ನಿಂತರು. ಎರಡನೆಯ ಹೊಡೆತ ಅಯಸ್ಕಾಂತಕ್ಕೆ. ಇಬ್ಬರೂ ಕಬ್ಬಿಣವೆಂದುಕೊಂಡಿದ್ದರು, ಅದು ಹಂಚಿನಂತೆ ಒಡೆದು ಚೂರಾಯಿತು. ಪರಸಪ್ಪ ಆ ಚೂರುಗಳನ್ನೂ ಬಿಡಲಿಲ್ಲ, ಕೈ ಸೋಲುವತನಕ ಕುಟ್ಟಿದ.

ಹೋಗುವ ಮೊದಲು ವೈಸಿನ ಹಿಡಿ ಸಡಿಲಿಸಿದ. ದುಂಡಪ್ಪ ಹರಿದ ಕೈಯನ್ನು ನೋಡಿಕೊಳ್ಳಲೂ ಇಲ್ಲ, ಮೊಣಕಾಲೂರಿ ನೆಲದ ಮೇಲಿನ ಚೂರುಗಳನ್ನು ಒಟ್ಟುಗೂಡಿಸತೊಡಗಿದ.

ಪರಸಪ್ಪ ಮನೆ ಮುಟ್ಟಿದಾಗ ಸಾವಿತ್ರೆವ್ವ ಹಂದರದ ಕೆಳಗೇ ಕುಳಿತಿದ್ದಳು. ಚೀಲ ಕಸಿದು ಸುತ್ತಿಗೆ ತೆಗೆದು ಹಿಂದೆ ಮುಂದೆ ತಿರುವಿ ನೋಡಿದಳು. ರಕ್ತ ಇರಲಿಲ್ಲ. ಅವಳಿಗೆ ಜೀವ ಬಂದಂತಾಯಿತು.

"ಹೊಡೀಲಿಲ್ಲ ಹೌದಲ್ಲರಿ?"

"ಹೊಡದ್ನಿ."

"ಮತ್ತ ರಕ್ತ ಇಲ್ಲಲ್ಲ. ಏನ ಹೊಡದ ಬಂದ್ರಿ?"

ಪರಸಪ್ಪ ಹಂದರದ ಕಂಬಕ್ಕೆ ಒರಗಿ ಕೆಳಗೆ ಕುಸಿದ. ದುಂಡಪ್ಪನ ಕೈ ಮುರಿದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸೊಟ್ಟ ಬೆರಳಿನ ಕೈಯೂ ಸೇರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಒಳಗೆ ಬೀಸುಕಲ್ಲಿನ ದನಿ ಕೇಳಲಿಲ್ಲ.

"ನಮ್ಮ ಮೋಟರ್ ಕೊಂದ ಬಂದ್ನಿ" ಎಂದ.